ಮನೆ ಅಡವಿಟ್ಟು ತೆಗೆದ ಚಿತ್ರ

ಚಲನಚಿತ್ರವೆಂಬುದು ಸಿರಿವಂತರ ಉದ್ಯಮವೆಂದು ರೂಢಿಯ ಮಾತು. ಹಣ ಹೂಡುವವರು ಒಬ್ಬರು, ಬಣ್ಣ ಹಚ್ಚುವವರು ಇನ್ನೊಬ್ಬರು. ನಟನಾದವನು ಪಾತ್ರ ಮುಗಿಸಿ, ಸಂಭಾವನೆ ಎಣಿಸಿಕೊಂಡು ಮನೆ ಸೇರಿದರೆ ಅವನ ಹೊಣೆ ತೀರಿತು. ಆದರೆ ಆ ಸಂಭಾವನೆಯನ್ನೇ ತಂದು ಸ್ವಂತ ಚಿತ್ರಕ್ಕೆ ಸುರಿದ ನಟರೊಬ್ಬರು ಅಮೆರಿಕದಲ್ಲಿದ್ದರು. ಅವರೇ ಜಾನ್ ಕಸಾವೆಟಿಸ್.

ಅವರ ಮೊದಲ ಚಿತ್ರ ‘ಶ್ಯಾಡೋಸ್’. 1957ರಲ್ಲಿ ನ್ಯೂಯಾರ್ಕಿನ ರೇಡಿಯೋ ಕಾರ್ಯಕ್ರಮವೊಂದರಲ್ಲಿ ಅವರು ಇದರ ಮಾತೆತ್ತಿದಾಗ ಕೇಳುಗರೇ ಕೈಲಾದಷ್ಟು ಹಣ ಕಳುಹಿಸಿದರು. 1958ರ ಪ್ರದರ್ಶನ ತಮಗೇ ತೃಪ್ತಿ ಕೊಡಲಿಲ್ಲವೆಂದು, ಬಹುಭಾಗವನ್ನು ಮತ್ತೆ ಚಿತ್ರೀಕರಿಸಿ 1959ರಲ್ಲಿ ಅದಕ್ಕೆ ಹೊಸ ರೂಪವಿತ್ತರು.

ಆ ಕೀರ್ತಿಯ ಬಲದಿಂದ ಹಾಲಿವುಡ್ ಅವರನ್ನು ನಿರ್ದೇಶನಕ್ಕೆ ಕರೆಯಿತು. ಆದರೆ 1963ರ ‘ಎ ಚೈಲ್ಡ್ ಈಸ್ ವೇಟಿಂಗ್’ ಚಿತ್ರದ ಸಂಕಲನ ಅವರ ಕೈತಪ್ಪಿ ನಿರ್ಮಾಪಕರ ಪಾಲಾಯಿತು. ಪರರ ಹಣದ ಚಿತ್ರಕ್ಕೆ ಕೊನೆಯ ಕತ್ತರಿಯೂ ಪರರದೇ ಎಂಬ ಪಾಠ ಸಿಕ್ಕಿತು.

ಮುಂದಿನದು ‘ಫೇಸಸ್’. ಮನೆಯೇ ಚಿತ್ರಶಾಲೆ, ಗೆಳೆಯರೇ ತಂತ್ರಜ್ಞರು. 1965ರಲ್ಲಿ ಚಿತ್ರೀಕರಣ ಆರಂಭವಾದರೂ ತೆರೆ ಕಂಡದ್ದು 1968ರಲ್ಲಿ. ‘ದಿ ಡರ್ಟಿ ಡಜನ್’ ಮೊದಲಾದ ಅದ್ದೂರಿ ಚಿತ್ರಗಳಲ್ಲಿ ನಟಿಸಿ ಗಳಿಸಿದ ಹಣದಿಂದ ಈ ಬಡಚಿತ್ರದ ಹೊಟ್ಟೆ ತುಂಬಿತು. ಅದುವರೆಗೆ ಕಚೇರಿಯ ಕಾರ್ಯದರ್ಶಿನಿಯಾಗಿದ್ದ ಲಿನ್ ಕಾರ್ಲಿನ್ ಇದರ ಅಭಿನಯಕ್ಕಾಗಿ ಆಸ್ಕರ್ ನಾಮನಿರ್ದೇಶನ ಪಡೆದರು.

ಅನಂತರ ಬಂದದ್ದು 1974ರ ‘ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್’. ಮನಸ್ಸಿನ ಹಿಡಿತ ತಪ್ಪುತ್ತಿರುವ ಗೃಹಿಣಿ, ಅವಳನ್ನು ಪ್ರೀತಿಸಿಯೂ ಸಂತೈಸಲರಿಯದ ಗಂಡ, ಇವರ ಕಥೆ. ಹಣ ಹಾಕುವವರು ದೊರೆಯದೆ ಕಸಾವೆಟಿಸ್ ಮನೆಯನ್ನೇ ಅಡವಿಟ್ಟರು. ಗಂಡನ ಪಾತ್ರ ವಹಿಸಿದ ಪೀಟರ್ ಫಾಕ್ ತಮ್ಮ ಗಳಿಕೆಯನ್ನೂ ಕೂಡಿಸಿದರು. ಹಂಚಿಕೆದಾರರು ಮುಂದೆ ಬಾರದಿರಲು, ಚಿತ್ರಮಂದಿರಗಳೊಡನೆ ತಾವೇ ಮಾತಾಡಿ ಬಿಡುಗಡೆ ಮಾಡಿಸಿದರು. ನಾಯಕಿ ಜೀನಾ ರೋಲೆಂಡ್ಸ್ ಅವರ ಪತ್ನಿ. ಅಡವಿನಲ್ಲಿದ್ದುದು ಆಕೆಯ ಮನೆಯೂ ಹೌದಷ್ಟೆ! ಪತಿಪತ್ನಿಯರಿಬ್ಬರಿಗೂ ಆಸ್ಕರ್ ನಾಮನಿರ್ದೇಶನ ಬಂದಿತು, ಪ್ರಶಸ್ತಿ ಬರಲಿಲ್ಲ.

ಪ್ರತಿಸಲವೂ ಅದೃಷ್ಟ ಒಲಿಯಲಿಲ್ಲ. 1976ರ ‘ದಿ ಕಿಲ್ಲಿಂಗ್ ಆಫ್ ಎ ಚೈನೀಸ್ ಬುಕಿ’ ಸೋತಿತು. ಕಸಾವೆಟಿಸ್ 1989ರಲ್ಲಿ, 59ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಸಂಸಾರಸ್ಥರಿಗೆ ಮನೆ ಅಡವಿಡಿರೆಂದು ಉಪದೇಶಿಸುವ ಧೈರ್ಯ ನಮಗಿಲ್ಲ. ಆದರೆ ಆ ಹಣದಿಂದ ಅವರು ಕೊಂಡದ್ದೇನೆಂಬುದನ್ನು ಗಮನಿಸಬೇಕು. ಬೆಡಗಿನ ಸೆಟ್ಟುಗಳನ್ನಲ್ಲ, ತಾರೆಯರನ್ನಲ್ಲ. ತಮಗೆ ಸರಿಕಂಡಲ್ಲಿ ಚಿತ್ರವನ್ನು ಮುಗಿಸುವ ಹಕ್ಕನ್ನು.