ಮಾಳಿಗೆಯ ಮೇಲಿನ ಹಸುರು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಪಟ್ಟಣಗಳಲ್ಲಿಯೂ ಮಣ್ಣಿನ ಮಾಳಿಗೆಗಳು ಅಳಿದು, ಅವುಗಳ ಸ್ಥಾನದಲ್ಲಿ ಕಾಂಕ್ರೀಟು ತಾರಸಿಗಳು ಎದ್ದಿವೆ. ಇದು ಕಾಲಧರ್ಮ; ತಡೆಯಬೇಕೆಂದು ನಾವು ಹೇಳತಕ್ಕವರಲ್ಲ. ಆದರೆ ಮಾಳಿಗೆಯೊಡನೆ ಕಳೆದುಹೋದುದೇನೆಂಬುದನ್ನು ವಾಚಕ ಮಹಾಶಯರು ಕ್ಷಣಕಾಲ ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇವೆ.

ತೊಲೆ ಜಂತೆಗಳ ಮೇಲೆ ಸೊಪ್ಪು ಹರಡಿ, ಮಣ್ಣು ಮೆತ್ತಿ, ಚೌಳುಮಣ್ಣು ಹೊದಿಸುತ್ತಿದ್ದ ಹಿರಿಯರ ಮನೆ ಬೇಸಗೆಯಲ್ಲಿ ತಂಪಾಗಿತ್ತು. ಮಳೆ ಬಿದ್ದರೆ ಮಾಳಿಗೆಯ ಮೇಲೆ ಹುಲ್ಲು ಮೊಳೆಯುತ್ತಿತ್ತು. ಜಂತೆಯ ಸಂದಿನಲ್ಲಿ ಗುಬ್ಬಿ ಗೂಡು ಕಟ್ಟುತ್ತಿತ್ತು. ಕಲ್ಲುಗೋಡೆಯ ಬಿರುಕಿನಲ್ಲಿ ಹಲ್ಲಿ ಓತಿಗಳು ನೆಲೆಸಿ ಹುಳುಗಳನ್ನು ತಿನ್ನುತ್ತಿದ್ದುವು. ಮತ್ತೆ ಮತ್ತೆ ಮಣ್ಣು ಹಾಕಿಸುವ ಕಷ್ಟವನ್ನೂ, ಸೋರುವ ರಾತ್ರಿಗಳನ್ನೂ ನಾವು ಮರೆತಿಲ್ಲ. ಆದರೂ ಬೋಳು ತಾರಸಿಯಲ್ಲಿ ಜೀವಜಂತುಗಳಿಗೆ ಎಡೆ ಎಲ್ಲಿ?

ಪಾಶ್ಚಾತ್ಯರು ಇಂದು ಛಾವಣಿಗೆ ಸೋರದ ಹೊದಿಕೆ ಹಾಸಿ, ನೀರು ಹರಿದುಹೋಗಲು ಜಲ್ಲಿಯ ಪದರವಿಟ್ಟು, ಮೇಲೆ ತೆಳ್ಳಗೆ ಮಣ್ಣು ಹರಡಿ ಹುಲ್ಲು ಹೂಗಿಡಗಳನ್ನು ಬೆಳೆಸುತ್ತಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮಟ್ಟಸವಾದ ಹೊಸ ಛಾವಣಿಗಳಿಗೆ ಇದು 2002ರಿಂದ ಕಾಯಿದೆಯ ಕಡ್ಡಾಯ. ಅಲ್ಲಿನ ಛಾವಣಿಗಳಲ್ಲಿ ಜೇಡ, ಜೀರುಂಡೆ, ಜೇನುಗಳು ನೆಲೆ ಪಡೆದಿವೆ. ನಮ್ಮಲ್ಲಿಯೂ ಇದ್ದ ವಿದ್ಯೆಯನ್ನು ಪರರು ಸುಧಾರಿಸಿ ಕಾಯಿದೆ ಮಾಡಿದರು. ನಾವು ಹಳತೆಂದು ಕೆಡವಿದೆವು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಮ್ಮದು ಮಳೆ ಕಡಮೆಯಾದ ಸೀಮೆ. ಫ್ಲೋರೈಡು ಬೆರೆತ ಅಂತರ್ಜಲದಿಂದ ಪಾವಗಡದ ಜನರು ನರಳಿದ್ದಾರೆ. ಕುಡಿಯುವ ನೀರಿಗೇ ಕೊರತೆಯಿರುವಲ್ಲಿ ಗೋಡೆಯ ಮೇಲಿನ ತೋಟಕ್ಕೆ ಪಂಪಿನಿಂದ ನೀರುಣಿಸುವುದು ಬರಿಯ ಆಡಂಬರ. ಮಳೆಗೆ ಚಿಗುರಿ, ಬೇಸಗೆಯಲ್ಲಿ ಒಣಗಿ, ಮತ್ತೆ ಮಳೆಗೆ ಏಳುವ ನಾಡಹುಲ್ಲು, ತುಂಬೆ, ಬಾಡದೆ ನಿಲ್ಲುವ ಲೋಳೆಸರ, ಇವೇ ನಮಗೆ ತಕ್ಕವು. ಗೋಡೆಗೆ, ನೆಲದಲ್ಲಿ ಬೇರೂರಿದ ಅಮೃತಬಳ್ಳಿ ಸಾಕು. ಅರಳಿ ಆಲಗಳ ಸಸಿಗಳನ್ನು ಮಾತ್ರ ಕೀಳಲೇಬೇಕು. ಅವುಗಳ ಬೇರು ಕಟ್ಟಡವನ್ನೇ ಸೀಳುತ್ತದೆ. ಒದ್ದೆ ಮಣ್ಣಿನ ಭಾರವನ್ನು ಛಾವಣಿ ತಡೆಯುವುದೇ ಎಂಬುದನ್ನು ಇಂಜಿನಿಯರರು ಮೊದಲೇ ಪರೀಕ್ಷಿಸಬೇಕು.

ಜನವಸತಿಯ ನಡುವೆ ವನ್ಯಜೀವಿಗಳಿಗೆ ಸ್ಥಳವಿಲ್ಲವೆನ್ನುವವರು ಸಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿಬರಲಿ. ಅಲ್ಲಿ ಊರೊಳಗಿನ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಮರಿಮಾಡುತ್ತವೆ. ಗ್ರಾಮಸ್ಥರು ಅವನ್ನು ಕಾಯುತ್ತಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಿಗೆ 2007ರಿಂದ ಸರ್ಕಾರದ ರಕ್ಷಿತ ಪ್ರದೇಶವಿದೆ. ಪಟ್ಟಣದ ಗುಬ್ಬಿಗೆ ನಮ್ಮ ಛಾವಣಿಯೇ ಗತಿ.

ಆದುದರಿಂದ ನಾಲ್ಕೂ ಪಟ್ಟಣಗಳ ಸ್ಥಳಸಂಸ್ಥೆಗಳವರು ಹೊಸದಾಗಿ ಕಟ್ಟಿಸುವ ಒಂದೊಂದು ಶಾಲೆಯ ಮೇಲಾದರೂ ಈ ಪ್ರಯೋಗವನ್ನು ನಡೆಸಬೇಕೆಂದು ನಾವು ಒತ್ತಾಯಿಸುತ್ತೇವೆ. ಕೆಳಗೆ ಮಕ್ಕಳಿಗೆ ನೆರಳು ತಂಪಾದೀತು. ಮೇಲೆ ಗುಬ್ಬಿಗೆ ಕಾಳು ದೊರೆತೀತು. ಅಧಿಕಾರಿಗಳು ಮನಸ್ಸು ಮಾಡುವರೇ?