ಕೀಲಿ ಕೊಟ್ಟ ಮಾತ್ರಕ್ಕೆ ಕಾರು ಮಾರಿದಂತಲ್ಲ

ಅಜ್ಜಂದಿರೇ, ಅಜ್ಜಿಯರೇ, ಅವರ ಮಗ್ಗುಲಲ್ಲಿ ಕುಳಿತ ಮೊಮ್ಮಕ್ಕಳೇ,

ನಮ್ಮ ಅತನೂರಿನಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಅದೇ ಜನ ಹಳೆಯ ಕಾರು ಕೊಳ್ಳುವಾಗ ಬಣ್ಣ ನೋಡಿ ಮರುಳಾಗುತ್ತಾರೆ. ಎತ್ತಿಗೆ ಹಲ್ಲಿದ್ದಂತೆ ಕಾರಿಗೂ ವಯಸ್ಸು ಹೇಳುವ ಗುರುತುಗಳಿವೆ. ಗುರುತು ಓದುವ ಕೆಲಸ ಮಕ್ಕಳದು, ಕಾಗದ ಓದುವ ಕೆಲಸ ಹಿರಿಯರದು.

ಮೊದಲು ಮಕ್ಕಳ ಪಾಳಿ. ಟೈರಿನ ಪಕ್ಕೆಯಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು. ‘ಟೈರ್ ಹೊಸಾವು ಅದಾವ್ರಿ’ ಎಂಬ ಮಾತನ್ನು ಈ ಅಂಕಿಗಳೇ ತೂಗಿ ಹೇಳುತ್ತವೆ. ಆಟದ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಬಾಗಿಲಿಗೆ ಹಿಡಿಯಿರಿ. ಉಕ್ಕಿನ ತಗಡಾದರೆ ಅಂಟುತ್ತದೆ. ಜಜ್ಜಿದ ಜಾಗಕ್ಕೆ ದಪ್ಪಗೆ ಪುಟ್ಟಿ ಮೆತ್ತಿದ್ದರೆ ಜಾರುತ್ತದೆ. ಬಂಪರ್ ಪ್ಲಾಸ್ಟಿಕ್ಕಿನದು, ಅಲ್ಲಿ ಅಂಟದಿದ್ದರೆ ತಪ್ಪಲ್ಲ. ಮೀಟರು ಮೂವತ್ತು ಸಾವಿರ ಕಿಲೋಮೀಟರ್ ತೋರಿಸಿ, ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ರಬ್ಬರಿಗೆ ಸುಳ್ಳು ಬರುವುದಿಲ್ಲ.

ಚಾಸಿ ನಂಬರಿನಲ್ಲಿ 17 ಅಕ್ಷರ-ಅಂಕಿಗಳಿರುತ್ತವೆ. ಒಂದು, ಸೊನ್ನೆಗಳ ಜೊತೆ ಗೊಂದಲವಾಗಬಾರದೆಂದು ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಮೊಮ್ಮಗ ಕಾರಿನ ಮೇಲಿನದನ್ನು ಒಂದೊಂದಾಗಿ ಓದಲಿ, ಅಜ್ಜ ಆರ್.ಸಿ. ಹಿಡಿದು ತಾಳೆ ನೋಡಲಿ. ಒಂದು ಅಂಕಿ ತಪ್ಪಿದರೂ ಎದ್ದು ಬನ್ನಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಸೀಮೆಯ ಊರುಗಳಿಗೆ ನೀರು ನುಗ್ಗಿದ್ದು ಮರೆತಿಲ್ಲ ತಾನೇ? ನೀರು ಕುಡಿದ ಕಾರನ್ನು ತೊಳೆದು ಹೊಳೆಯುವಂತೆ ಮಾಡಬಹುದು. ಆದರೆ ಕಾಲಡಿಯ ಚಾಪೆ ಎತ್ತಿ, ಸೀಟಿನ ಕೆಳಗಿನ ಹಳಿ, ಹೆಚ್ಚುವರಿ ಚಕ್ರದ ಗುಂಡಿ ನೋಡಿ. ಅಲ್ಲಿ ತುಕ್ಕು, ಒಣಗಿದ ಕೆಸರು, ಮುಗ್ಗಲು ವಾಸನೆ ಇದ್ದರೆ ಆ ಕಾರು ಹೊಳೆ ಕಂಡಿದೆ.

ಇನ್ನು ಮಾರುವವರ ಪಾಡು. ಹೋದ ವರ್ಷ ನಾನು ನನ್ನ ಕಾರು ಮಾರಲು ನಿಂತಾಗ ಬಂದವರು ಒಬ್ಬರಿಗಿಂತ ಒಬ್ಬರು. ಒಬ್ಬರು ಕಾರು ನೋಡುವ ಮೊದಲೇ ಫೋನಿನಲ್ಲಿ ‘ಕೊನೀ ಮಾತು ಹೇಳಿಬಿಡ್ರಿ’ ಎಂದರು. ಇನ್ನೊಬ್ಬರು ಟೈರಿಗೆ ಒದ್ದು, ಚಹಾ ಕುಡಿದು, ನಾಳೆ ಬರುತ್ತೇನೆಂದು ಹೋದರು. ಆ ನಾಳೆ ಇನ್ನೂ ಬಂದಿಲ್ಲ. ಇದೆಲ್ಲ ನಕ್ಕು ಬಿಡುವ ಮಾತು. ಆದರೆ ಮೂರನೆಯವರು, ‘ಸಾಹೇಬ್ರ, ಫಾರ್ಮಿನ್ಯಾಗ ಬರೀ ಸಹಿ ಮಾಡಿ ಕೊಡ್ರಿ, ಹೆಸರು, ತಾರೀಖು ಆಮ್ಯಾಲ ತುಂಬ್ತೀನಿ’ ಎಂದರು. ಬ್ಯಾಂಕಿನಲ್ಲಿ ಇಡೀ ಆಯುಷ್ಯ ಕಳೆದವನಿಗೆ ಇದು ಖಾಲಿ ಚೆಕ್ಕಿಗೆ ಸಹಿ ಕೇಳಿದಂತೆಯೇ. ಆಗುವುದಿಲ್ಲ ಎಂದೆ. ಅವರು ಕೋಪಿಸಿಕೊಂಡು ಹೋದರು. ಹೋಗಲಿ.

ಯಾಕೆ ಇಷ್ಟು ಬಿಗಿ ಅಂತೀರಾ? 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಬ್ಬರು 2007ರಲ್ಲಿ ಕಾರು ಮಾರಿದ್ದರು. ಅದು ಕೈಯಿಂದ ಕೈಗೆ ದಾಟಿತು, ದಾಖಲೆಯಲ್ಲಿ ಮಾತ್ರ ಹೆಸರು ಬದಲಾಗಲಿಲ್ಲ. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರದ ಹೊಣೆ ಯಾರದು? ದಾಖಲೆಯಲ್ಲಿ ಹೆಸರಿದ್ದವರದೇ ಎಂದಿತು ಕೋರ್ಟ್. ಹಣ ಎಣಿಸಿ, ಕೀಲಿ ಕೊಟ್ಟು, ಕೈಮುಗಿದರೆ ಮುಗಿಯಲಿಲ್ಲ. ಲೆಡ್ಜರಿನಲ್ಲಿ ಯಾರ ಹೆಸರೋ, ಸಾಲ ಅವರದೇ.

ಆದ್ದರಿಂದ ಹಿರಿಯರೇ, ಇಷ್ಟು ಬರೆದಿಟ್ಟುಕೊಳ್ಳಿ. ಹೆಸರು ಬದಲಾವಣೆಗೆ ಬೇಕಾದದ್ದು ಫಾರ್ಮ್ 29 ಮತ್ತು 30. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಕಾರಿನ ಮೇಲೆ ಸಾಲವಿದ್ದರೆ ಕಂತು ತೀರಿದರೆ ಸಾಲದು. ಬ್ಯಾಂಕಿನಿಂದ ಫಾರ್ಮ್ 35 ಪಡೆದು ಆರ್.ಸಿ.ಯಲ್ಲಿನ ಬ್ಯಾಂಕಿನ ಹೆಸರು ತೆಗೆಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಸೊಲ್ಲಾಪುರದ ಎಂಎಚ್-13 ಗಾಡಿ ಅಗ್ಗವೆಂದು ಹಿಗ್ಗಬೇಡಿ. ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ, ಹೊಸ ನಂಬರು ಎಲ್ಲ ಕೂಡಿಸಿ ನೋಡಿ. ಅಗ್ಗ ಎಷ್ಟು ಉಳಿಯಿತೋ ಆಗ ತಿಳಿಯುತ್ತದೆ.

ಹಣವನ್ನು ಖಾತೆಗೇ ಹಾಕಿಸಿಕೊಳ್ಳಿ. 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಫೋನಿನಲ್ಲಿ ಯಾರಾದರೂ ‘ಹಣ ಬರಲು ಪಿನ್ ಒತ್ತಿ’ ಎಂದರೆ ಫೋನ್ ಇಟ್ಟುಬಿಡಿ. ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು. ಕೀಲಿ ಕೊಟ್ಟ ದಿನ, ಗಂಟೆ, ಮೀಟರಿನ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ.

ಮಕ್ಕಳೇ, ಈ ವಾರದ ಮನೆಗೆಲಸ: ಒಂದು ಟೈರಿನ ಮೇಲೆ 0822 ಎಂದಿದೆ, ಅದು ಯಾವ ತಿಂಗಳಲ್ಲಿ ತಯಾರಾಯಿತು? ಉತ್ತರ ಬರೆದ ಮೇಲೆ ನಿಮ್ಮ ಮನೆಯ ಬೈಕಿನದೋ ಕಾರಿನದೋ ಆರ್.ಸಿ. ತೆಗೆಸಿ, ಅದರಲ್ಲಿ ಯಾರ ಹೆಸರಿದೆ ಎಂದು ಗಟ್ಟಿಯಾಗಿ ಓದಿರಿ. ಹಳೆಯ ಮಾಲೀಕರ ಹೆಸರೇ ಇದ್ದರೆ, ಬದಲಾಯಿಸುವ ತನಕ ಅಪ್ಪನನ್ನು ಬಿಡಬೇಡಿ.