ಕೈಪಟ್ಟಿಯ ಲೆಕ್ಕವೂ ಮನೆಯ ಲೆಕ್ಕವೂ

ಮನುಷ್ಯನ ಓಡಾಟವನ್ನು ಅಳೆಯುವ ಯಂತ್ರವು ಇಂದು ಕೈಗಡಿಯಾರದಷ್ಟೇ ಪರಿಚಿತವಾದ ವಸ್ತು. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್‌ಪೊ-ಕೇ’, ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕವು, ಸೊಂಟಕ್ಕೆ ಸಿಕ್ಕಿಸುವಂತಹದು. ಈಗಿನ ಚಟುವಟಿಕೆಮಾಪಕವು ಮಣಿಕಟ್ಟಿನ ಪಟ್ಟಿಯಲ್ಲಿ ಅಡಗಿದೆ. ಅದರೊಳಗೆ ಸಿಲಿಕಾನಿನ ಅತಿ ಸೂಕ್ಷ್ಮವಾದ ತುಂಡೊಂದು ಸ್ಪ್ರಿಂಗಿನಂತಹ ಎಳೆಗಳ ಆಧಾರದಲ್ಲಿ ನಿಂತಿರುತ್ತದೆ. ಕೈ ಆಡಿದೊಡನೆ ಅದು ಜರುಗುತ್ತದೆ. ಆಗ ವಿದ್ಯುತ್ ಧಾರಕತೆಯಲ್ಲಿ ಉಂಟಾಗುವ ವ್ಯತ್ಯಾಸದಿಂದ ಚಲನೆಯನ್ನು ಗಣಿಸುತ್ತಾರೆ.

ಮೈಸೂರಿನಲ್ಲಿ 1997-98ರಲ್ಲಿ ಜನಿಸಿದ ಮಕ್ಕಳ ದೀರ್ಘಕಾಲದ ಅಧ್ಯಯನದಲ್ಲಿಯೂ ಇಂತಹ ಮಾಪಕಗಳನ್ನು ಬಳಸಿದ್ದುಂಟು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾಗಿ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಅದನ್ನು ಪರೀಕ್ಷಿಸಲು ಈ ಯಂತ್ರ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಿನಕ್ಕೆ 10 ಗಂಟೆಯಂತೆ ವಾರದಲ್ಲಿ 4 ದಿನವಾದರೂ ಪಟ್ಟಿ ಕಟ್ಟಿಕೊಳ್ಳದ ಮಗುವನ್ನು ಲೆಕ್ಕದಿಂದ ಬಿಟ್ಟುಬಿಡುವುದು ಅನೇಕ ಸಂಶೋಧಕರ ಪದ್ಧತಿ. ನಮ್ಮ ಆಕ್ಷೇಪಣೆ ಇರುವುದು ಇಲ್ಲಿಯೇ. ಹೀಗೆ ಬಿಟ್ಟುಹೋಗುವ ಮಕ್ಕಳು ಯಾರು?

ಕೊಳ್ಳೇಗಾಲದ ಸೀಮೆಯಲ್ಲಿ ರೇಷ್ಮೆಹುಳು ಸಾಕುವ ಮನೆಯೊಂದನ್ನು ನೆನೆಯೋಣ. ನಾಲ್ಕನೆಯ ಜ್ವರದಿಂದೆದ್ದ ಹುಳು, ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಶೇಕಡ 80ಕ್ಕೂ ಹೆಚ್ಚಿನ ಭಾಗವನ್ನು ಮುಂದಿನ ಏಳೆಂಟು ದಿನಗಳಲ್ಲಿಯೇ ತಿನ್ನುತ್ತದೆ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವ ತನಕ ಮನೆಮಂದಿಗೆ ಸರಿಯಾದ ನಿದ್ರೆಯಿಲ್ಲ. ಬೆಳೆ ಕೈಗೆ ಬರುವುದೋ ಇಲ್ಲವೋ ಎಂಬ ಚಿಂತೆ ಬೇರೆ. ಇಂತಹ ವಾರದಲ್ಲಿ ಮಗು ಹಠ ಹಿಡಿದು ಪಟ್ಟಿಯನ್ನು ಕಿತ್ತೆಸೆದರೆ ರಮಿಸಿ ಮತ್ತೆ ಕಟ್ಟುವ ತಾಳ್ಮೆ ಯಾರಿಗಿದ್ದೀತು? ದೊಡ್ಡವರ ದಣಿವು ಮಗುವಿನ ಹಠವನ್ನೂ ಹಠವು ದಣಿವನ್ನೂ ಬೆಳೆಸುತ್ತವೆ. ಸೊಪ್ಪು ಹೊತ್ತು ಮಗು ಅತ್ಯಂತ ಹೆಚ್ಚಾಗಿ ಓಡಾಡಿದ ವಾರದಲ್ಲಿಯೇ ಪಟ್ಟಿ ಗೂಡಿನಲ್ಲಿ ಬಿದ್ದಿರಬಹುದು. ತಾಯಿತಂದೆ ಕೂಲಿಗೆಂದು ದೂರ ಹೋಗಿ, ಅಜ್ಜಿಯ ಬಳಿ ಉಳಿದ ಹನೂರಿನ ಮಗುವಾದರೋ ಮಂಕಾಗಿ ಮೂಲೆ ಹಿಡಿದಿರಬಹುದು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ವಸತಿಶಾಲೆಗೆ ಬಂದ ಸೋಲಿಗರ ಮಗುವಿಗೆ ಪಟ್ಟಿಯನ್ನು ಜ್ಞಾಪಿಸಲು ಮನೆಯವರೇ ಹತ್ತಿರವಿಲ್ಲ.

ಈ ದೋಷವನ್ನು ಅಂಕಗಣಿತವೇ ತೋರಿಸುತ್ತದೆ. ಒಂದು ತರಗತಿಯ 40 ಮಕ್ಕಳಲ್ಲಿ 30 ಮಂದಿ ಪಟ್ಟಿ ಕಟ್ಟಿದರೆಂದೂ ಅವರ ಸರಾಸರಿ 60 ನಿಮಿಷವೆಂದೂ ಭಾವಿಸೋಣ. ಉಳಿದ 10 ಮಂದಿಯ ನಿಜವಾದ ಸರಾಸರಿ 100 ಆಗಿದ್ದರೆ ತರಗತಿಯ ಸರಾಸರಿ 70. ಅದು 20 ಆಗಿದ್ದರೆ 50. ಹೊರಗೆ ಪ್ರಕಟವಾಗುವುದು ಮಾತ್ರ 60! ಮಕ್ಕಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಈ ತಪ್ಪು ತಾನಾಗಿ ಅಳಿಯದು.

ಆದುದರಿಂದ ಪಟ್ಟಿಯನ್ನು ಹಂಚುವ ಮುನ್ನ ಮನೆಯ ಸ್ಥಿತಿಯನ್ನು ಕೇಳಿ ತಿಳಿಯಬೇಕು; ಹುಳುವಿನ ಬೆಳೆಯ ಕಾಲವನ್ನೂ ಸುಗ್ಗಿಯ ಕಾಲವನ್ನೂ ಗುರುತಿಸಿಕೊಳ್ಳಬೇಕು; ಕಟ್ಟಿಕೊಳ್ಳದ ದಿನಕ್ಕೆ ಕಾರಣವನ್ನು ಬರೆದಿಡಬೇಕು. ಇದು ಶ್ರಮದ ಕೆಲಸವೆಂಬುದು ದಿಟ. ಆದರೂ, ಕಷ್ಟದಲ್ಲಿರುವ ಮನೆಗಳನ್ನೇ ಮೊದಲು ಕೈಬಿಡುವ ಅಳತೆಯಿಂದ ಆ ಮನೆಗಳ ಮಕ್ಕಳಿಗೆ ಯಾವ ಹಿತವೂ ಆಗಲಾರದು. ವಿಜ್ಞಾನದ ವಿದ್ಯಾರ್ಥಿಯು ಸರಾಸರಿಯನ್ನು ಕಂಡೊಡನೆ ಕೇಳಬೇಕಾದ ಮೊದಲ ಪ್ರಶ್ನೆ, ಇದರಲ್ಲಿ ಸೇರದೆ ಹೋದವರು ಯಾರು ಎಂಬುದು.